ಕಿಟಕಿಗೆ ಬೇಕಾದ ರೆಪ್ಪೆ

ನಾವು ವಾಸಿಸುವ ಮುಂಬಯಿ ಉಪನಗರದ ಸೊಸೈಟಿಯಲ್ಲಿ ಕಳೆದ ಬೇಸಿಗೆ ಒಂದು ಕಳವು ನಡೆಯಿತು. ಮೊದಲ ಮಹಡಿಯ ಮನೆಯೊಂದಕ್ಕೆ ಕಳ್ಳ ಹಿಂಬದಿಯ ಕಿಟಕಿಯಿಂದ ನುಗ್ಗಿದ್ದ. ಹದಿನೈದು ದಿನಗಳೊಳಗೆ ಸಭೆ ಕೂಡಿತು. ಕೆಳಗಿನ ಮೂರು ಮಹಡಿಗಳ ಕಿಟಕಿಗಳಿಗೆಲ್ಲ ಹೊರಬದಿಯಲ್ಲಿ ಸುರುಳಿ ಶಟರು ಹಾಕಿಸಬೇಕೆಂಬ ಸೂಚನೆ ಬಂತು. ಶಟರಿನ ವ್ಯಾಪಾರಿಯೂ ಸಭೆಗೆ ಬಂದಿದ್ದ. ಕಳ್ಳರ ಕಾಟ ತಪ್ಪುತ್ತದೆ, ಎ.ಸಿ.ಯ ಬಿಲ್ಲೂ ಇಳಿಯುತ್ತದೆ ಎಂಬುದು ಅವನ ಭರವಸೆ. ಹೆಚ್ಚಿನವರು ತಲೆದೂಗಿದರು. ನಮಗೆ ಮಾತ್ರ ಆ ಎರಡು ಮಾತುಗಳನ್ನು ಒಟ್ಟಿಗೆ ಒಪ್ಪಲಾಗಲಿಲ್ಲ. ಎರಡನೆಯದು ಬಹುಮಟ್ಟಿಗೆ ನಿಜ. ಮೊದಲನೆಯದರೊಳಗೆ ಒಂದು ಅಪಾಯ ಅಡಗಿದೆ.

ನಿಜವಿರುವ ಮಾತನ್ನೇ ಮೊದಲು ನೋಡೋಣ. ಜರ್ಮನಿ, ಇಟಲಿ, ಸ್ಪೇನ್ ದೇಶಗಳಲ್ಲಿ ಮನೆಯ ಕಿಟಕಿಗೆ ಸುರುಳಿ ಶಟರು ತೀರ ಸಾಮಾನ್ಯವಾದದ್ದು. ಅಲ್ಯುಮಿನಿಯಂ, ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಗಳು ಒಂದಕ್ಕೊಂದು ಕೊಂಡಿಗೂಡಿ, ಎರಡು ಬದಿಯ ಗಾಡಿಗಳಲ್ಲಿ ಜಾರಿ, ಕಿಟಕಿಯ ಮೇಲಿನ ಪೆಟ್ಟಿಗೆಯೊಳಗೆ ಸುತ್ತಿಕೊಳ್ಳುತ್ತವೆ. ಚಳಿಗಾಲದ ರಾತ್ರಿ ಅದನ್ನು ಇಳಿಸಿದರೆ ಗಾಜಿಗೂ ಶಟರಿಗೂ ನಡುವೆ ಒಂದು ಪದರ ಗಾಳಿ ನಿಂತು ಮನೆಯ ಬಿಸಿಯನ್ನು ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ ಇಳಿಸಿದರೆ ಬಿಸಿಲು ಗಾಜನ್ನು ಮುಟ್ಟುವುದೇ ಇಲ್ಲ.

ನಮಗೆ ಮುಖ್ಯವಾದುದು ಈ ಕೊನೆಯ ಮಾತು. ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಅದನ್ನು ಪರದೆಯಿಂದ ತಡೆದು ದೊಡ್ಡ ಪ್ರಯೋಜನವಿಲ್ಲ. ಪರದೆ ತಾನೇ ಕಾದು ಆ ಶಾಖವನ್ನು ಕೋಣೆಗೇ ಒಪ್ಪಿಸುತ್ತದೆ. ಒಳಗಾದ ಶಾಖ ಬಂದ ದಾರಿಯಲ್ಲೇ ಹಿಂದಿರುಗಿ ಹೋಗಲು ಗಾಜು ಬಿಡುವುದಿಲ್ಲ. ನೆರಳು ಗಾಜಿನ ಹೊರಗೇ ಇರಬೇಕು. ಸಾವಿರಾರು ರೂಪಾಯಿಯ ದಪ್ಪ ಪರದೆಗಿಂತ ಹೊರಗೆ ತೂಗಿಬಿಟ್ಟ ಬಿದಿರಿನ ತಟ್ಟಿ ಬಿಸಿಲನ್ನು ಚೆನ್ನಾಗಿ ತಡೆಯುವುದು ಇದರಿಂದಲೇ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕರಾವಳಿಯ ಮನೆಗಳ ಇಳಿಮಾಡು, ಜಗಲಿ, ಬೇಸಿಗೆಯಲ್ಲಿ ನೀರು ಚಿಮುಕಿಸಿ ಕಟ್ಟುತ್ತಿದ್ದ ಲಾವಂಚದ ತಟ್ಟಿ, ಇವೆಲ್ಲ ಬಿಸಿಲನ್ನು ಗೋಡೆಯಾಚೆಗೇ ನಿಲ್ಲಿಸುವ ಉಪಾಯಗಳು. ಚಾರ್ಲ್ಸ್ ಕೊರಿಯಾ ಅವರು ಮುಂಬಯಿಯಲ್ಲಿ ಕಟ್ಟಿದ, 1983ರಲ್ಲಿ ಮುಗಿದ ಕಾಂಚನಜುಂಗಾ ಗೋಪುರದಲ್ಲಿಯೂ ಮನೆಯ ಮುಂದೆ ಆಳವಾದ ಜಗಲಿಗಳಿವೆ; ಬಿಸಿಲೂ ಮುಂಗಾರಿನ ಎರಚಲೂ ಅಲ್ಲಿಯೇ ನಿಲ್ಲುತ್ತವೆ. ಇಂದು ನಾವು ಕೊಳ್ಳುವ ಫ್ಲ್ಯಾಟುಗಳಲ್ಲಿ ಜಗಲಿಯಿಲ್ಲ, ಸಜ್ಜಾ ಗೇಣಗಲ, ಗಾಜು ಮಾತ್ರ ಆಳೆತ್ತರ.

ಹಾಗೆಂದು ಎಲ್ಲ ಕಿಟಕಿಗೂ ಶಟರು ಬೇಕಿಲ್ಲ. ದಕ್ಷಿಣದ ಕಿಟಕಿಗೆ ಸೂರ್ಯ ಎತ್ತರದಲ್ಲಿರುವುದರಿಂದ ಒಳ್ಳೆಯ ಸಜ್ಜಾ ಇದ್ದರೆ ಸಾಕು. ಪೂರ್ವ ಪಶ್ಚಿಮಗಳಲ್ಲಿ ಅವನು ಕೆಳಗಿಳಿದು ನೇರವಾಗಿ ಒಳಗಿಣುಕುತ್ತಾನೆ. ಅಲ್ಲಿ ಸಜ್ಜಾ ಸೋಲುತ್ತದೆ, ಇಳಿಬಿಡುವ ತಡೆಯೇ ಬೇಕಾಗುತ್ತದೆ. ಊರಿನಿಂದ ಊರಿಗೂ ಭೇದವಿದೆ. ಹೈದರಾಬಾದು, ದೆಹಲಿಗಳ ಒಣ ಬಿಸಿಲಿನಲ್ಲಿ ಹಗಲು ಮುಚ್ಚಿ ರಾತ್ರಿ ತೆರೆದರೆ ಮನೆ ತಂಪು. ಮುಂಬಯಿ, ಚೆನ್ನೈಗಳ ಬೆವರಿನ ಸೆಕೆಯಲ್ಲಿ ಗಾಳಿಯಾಡದ ನೆರಳು ನೆರಳೇ ಅಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ಇಂಧನ ಸಂಹಿತೆ ಇದನ್ನು ಲೆಕ್ಕಕ್ಕೆ ಇಳಿಸಿದೆ. ಬೆಂಗಳೂರಿನಂಥ ಸಮಶೀತೋಷ್ಣ ಊರಿನಲ್ಲಿ ಗಾಳಿಗೆ ತೆರೆದುಕೊಳ್ಳುವ ಭಾಗ ಮನೆಯ ಒಳನೆಲದ ಶೇಕಡಾ 12.5ರಷ್ಟಾದರೂ ಇರಬೇಕು, ಮುಂಬಯಿಯಂಥ ಸೆಕೆಯ ಊರಿನಲ್ಲಿ ಶೇಕಡಾ 16.66, ಅಂದರೆ ಆರರಲ್ಲಿ ಒಂದು ಪಾಲು. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಹೇಗೂ ಅರ್ಧವೇ ತೆರೆಯುತ್ತದೆ. ಅದರ ಮುಂದೆ ರಂಧ್ರವಿಲ್ಲದ ಶಟರನ್ನು ಹಗಲಿಡೀ ಇಳಿಸಿ ಎ.ಸಿ. ಹಾಕಿದರೆ, ಉಳಿಸಿದ ವಿದ್ಯುತ್ತನ್ನು ಮತ್ತೊಂದು ಬಾಗಿಲಿನಿಂದ ಕಳೆದಂತೆಯೇ.

ಇನ್ನು ಕಳ್ಳರ ಮಾತು. ಶಟರು ಎಂದೊಡನೆ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ಅಂಗಡಿ, ಹೋಟೆಲು. ಉಡುಪಿ ಹೋಟೆಲಿನ ಶಟರು ನಸುಕಿನಲ್ಲಿ ಸದ್ದುಮಾಡುತ್ತ ಮೇಲೇರಿದರೆ ಆ ಬೀದಿಗೆ ಬೆಳಗಾಯಿತೆಂದೇ ಅರ್ಥ. ಅಂಗಡಿಗೆ ಒಗ್ಗಿದ್ದು ಮನೆಗೆ ಏಕೆ ಒಗ್ಗಬಾರದು ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಉತ್ತರ ಸರಳ: ಅಂಗಡಿಯ ಶಟರು ಒಳಗೆ ಯಾರೂ ಇಲ್ಲದಾಗ ಎಳೆಯುವಂಥದು, ಮನೆಯ ಶಟರು ಒಳಗೆ ನಾವಿರುವಾಗಲೇ ಇಳಿಸುವಂಥದು. ಅಂಗಡಿಯದು ಸರಕನ್ನು ಕಾಯಬೇಕು. ಮನೆಯದು ಜೀವವನ್ನು ಕಾಯಬೇಕು, ಜೀವಕ್ಕೆ ಹೊರಬರುವ ದಾರಿಯೂ ಬೇಕು.

ಅಂಗಡಿಯ ರೂಢಿಯನ್ನು ಜನ ಮಲಗುವ ಜಾಗಕ್ಕೆ ತಂದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಕಣ್ಣೆದುರಿಗೇ ಇದೆ. 2019ರ ಡಿಸೆಂಬರ್ 8ರ ನಸುಕಿನಲ್ಲಿ ದೆಹಲಿಯ ಅನಾಜ್ ಮಂಡಿಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುತೇಕರು ಅಲ್ಲಿಯೇ ದುಡಿದು ಅಲ್ಲಿಯೇ ಮಲಗುತ್ತಿದ್ದ ಕಾರ್ಮಿಕರು. ಅನೇಕರ ಉಸಿರು ಕಟ್ಟಿಸಿದ್ದು ಹೊಗೆ. ಅಗ್ನಿಶಾಮಕ ದಳದವರು ಕಿಟಕಿಯ ಗ್ರಿಲ್ಲು ಕತ್ತರಿಸಿ ಒಳಹೋಗಬೇಕಾಯಿತು. ಮುಂಬಯಿಯ ಯಾವ ಓಣಿಯಲ್ಲಿ ತಲೆಯೆತ್ತಿದರೂ ಪಂಜರದಂತೆ ಹೊರಚಾಚಿದ, ಎಲ್ಲಿಯೂ ತೆರೆಯದ ಗ್ರಿಲ್ಲುಗಳೇ ಕಾಣುತ್ತವೆ. ಶಟರು ಅದಕ್ಕಿಂತ ಮೇಲು ಎನ್ನಬಹುದು, ಅದು ತೆರೆಯುತ್ತದೆ. ಆದರೆ ತೆರೆಯುವವರೆಗೆ ಮಾತ್ರ.

ಈ ಮಾತನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಕೆಳಗಿನ ಮನೆಯ ಅಜ್ಜಿ ಒಬ್ಬರೇ ಇರುತ್ತಾರೆ. ಪರದೇಶದ ಮಗ ಸಭೆಗೂ ಕಾಯದೆ ಮೋಟಾರಿನ ಶಟರು ಹಾಕಿಸಿಕೊಟ್ಟ. ಕೈಯಿಂದ ತಿರುಗಿಸುವ ಹಿಡಿಗೆ ಬೇರೆ ಹಣವೆಂದು ಅದನ್ನು ಬಿಟ್ಟಿದ್ದರು. ಜೂನಿನ ಮೊದಲ ಮಳೆಗೆ ಕರೆಂಟು ಹೋಯಿತು. ಎರಡು ಗಂಟೆ ಕತ್ತಲಿನಲ್ಲಿ ಕುಳಿತ ಅಜ್ಜಿ, ನಾವು ಮೇಣದ ಬತ್ತಿ ಹಿಡಿದು ಹೋದಾಗ ಅಂದರು: “ಕಳ್ಳ ಬರೂದಿಲ್ಲ ಖರೆ, ಆದ್ರ ನಾ ಕೂಗಿದ್ರ ಯಾರಿಗೆ ಕೇಳಸ್ತದ?” ಗದಗಿನ ಕಡೆಯ ಮಾತು. ಅಂದು ಏನೂ ಅನಾಹುತವಾಗಲಿಲ್ಲ. ಆದರೆ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಆಕೆ ದಿನವೂ ಕಿಟಕಿಯಲ್ಲಿ ಕುಳಿತು ಗೇಟಿನತ್ತ ನೋಡುತ್ತಿದ್ದವರು. ಅಪರಿಚಿತರು ಸುಳಿದರೆ ವಾಚ್‌ಮನ್‌ಗಿಂತ ಮೊದಲು ಕಾಣುತ್ತಿದ್ದುದು ಆಕೆಗೆ. ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು ಎಂದು ಜೇನ್ ಜೇಕಬ್ಸ್ 1961ರಷ್ಟು ಹಿಂದೆಯೇ ವಾದಿಸಿದ್ದರು. ಕೆಳಗಿನ ಮೂರು ಮಹಡಿಗಳು ಒಮ್ಮೆಗೇ ಕಣ್ಣು ಮುಚ್ಚಿದರೆ ಕಳ್ಳನಿಗೆ ಅದಕ್ಕಿಂತ ಅನುಕೂಲ ಬೇರೇನಿದೆ?

ಆದುದರಿಂದ ನಾವು ಸಭೆಗೆ ಬರೆದುಕೊಟ್ಟದ್ದು ಇಷ್ಟು. ಬಿಸಿಲಿಗಾಗಿ ಶಟರು ಬೇಕಾದವರು ಪೂರ್ವ ಪಶ್ಚಿಮದ ಕಿಟಕಿಗಳಿಗೆ ಹಾಕಿಸಿಕೊಳ್ಳಲಿ. ಗಾಳಿಯಾಡುವ ಸಂದುಗಳಿರುವ ಪಟ್ಟಿಯನ್ನೇ ಆರಿಸಲಿ. ಮೋಟಾರು ಇದ್ದಲ್ಲಿ ಕೈಹಿಡಿ ಕಡ್ಡಾಯವಾಗಲಿ. ಪ್ರತಿ ಮನೆಯಲ್ಲೂ ಒಂದು ಕಿಟಕಿಯಾದರೂ ಒಳಗಿನಿಂದ, ಬೀಗದ ಕೈಯ ಹುಡುಕಾಟವಿಲ್ಲದೆ, ಮಗುವಿಗೂ ಮುದುಕರಿಗೂ ತೆರೆಯುವಂತಿರಲಿ; ಈಗಿರುವ ಗ್ರಿಲ್ಲುಗಳಿಗೂ ಇದೇ ನಿಯಮ. ಎಲ್ಲಕ್ಕಿಂತ ಮೊದಲು ಚಿಲಕಗಳನ್ನು ಸರಿಪಡಿಸೋಣ. ಕಳ್ಳ ನುಗ್ಗಿದ ಆ ಕಿಟಕಿಯ ಚಿಲಕ ಕೆಟ್ಟು ನಾಲ್ಕು ತಿಂಗಳಾಗಿತ್ತೆಂಬುದು ಆಮೇಲೆ ತಿಳಿದ ಸಂಗತಿ.

ಗವಾಕ್ಷ ಎಂಬ ಹಳೆಯ ಮಾತಿನಲ್ಲಿ ಕಣ್ಣು ಇದೆ. ಕಣ್ಣಿಗೆ ರೆಪ್ಪೆ ಬೇಕು. ಧೂಳು ಬಂದರೆ ಮುಚ್ಚಬೇಕು, ಬಿಸಿಲಿಗೆ ಅರೆಮುಚ್ಚಬೇಕು. ಆದರೆ ರೆಪ್ಪೆ ಯಾರ ಕಣ್ಣಿನದೋ ಅವರ ಮಾತನ್ನೇ ಕೇಳಬೇಕು. ಮುಂದಿನ ಸಭೆ ಬರುವ ಭಾನುವಾರ. ಅಜ್ಜಿಯ ಶಟರಿಗೆ ಕೈಹಿಡಿ ಕೂಡಿಸಿಯಾಗಿದೆ. ಸಂಜೆ ಅದನ್ನು ಅರ್ಧಕ್ಕೆ ಏರಿಸಿಕೊಂಡು ಆಕೆ ಮತ್ತೆ ಗೇಟಿನತ್ತ ನೋಡುತ್ತ ಕುಳಿತಿರುತ್ತಾರೆ.