ಕತ್ತಲೆಯಲ್ಲಿ ಕಿವಿಯ ಸಾಕ್ಷ್ಯ

ದಾದರ್ ಚೌಪಾಟಿಯಲ್ಲಿ ಸಂಜೆಯ ಗಾಳಿಗೆಂದು ಬಂದು ನಿಲ್ಲುವವರಿಗೆ ಉತ್ತರದಲ್ಲಿ ಬಾಂದ್ರಾದ ದೀಪಗಳೂ, 2009ರಿಂದೀಚೆಗೆ ಎದುರಿಗೆ ಸಮುದ್ರ ಸೇತುವೆಯ ದೀಪಮಾಲೆಯೂ ಕಾಣುತ್ತವೆ. ಅದರಾಚೆಗೆ ಇರುವುದು ಕತ್ತಲೆ ಮಾತ್ರ. ಬೆಳುದಿಂಗಳಿಲ್ಲದ ರಾತ್ರಿಯಲ್ಲಿ ಅಲ್ಲಿ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವುದು ಎಂಥ ತೀಕ್ಷ್ಣ ದೃಷ್ಟಿಯವನಿಗೂ ಸಾಧ್ಯವಿಲ್ಲ. ದಡದಲ್ಲಿ ನಿಂತವನಿಗೆ ಇದರಿಂದ ಯಾವ ಹಾನಿಯೂ ಇಲ್ಲ. ಅವನ ಕಾಲಡಿಯಲ್ಲಿ ಮರಳಿದೆ. ಅದೇ ಕತ್ತಲೆಯೊಳಕ್ಕೆ ವಿಮಾನವನ್ನು ಏರಿಸಿಕೊಂಡು ಹೋಗುವವನ ಪಾಡು ಬೇರೆ.

1978ರ ಜನವರಿ 1ರ ರಾತ್ರಿ ಸಾಂತಾಕ್ರೂಜ್ ವಿಮಾನ ನಿಲ್ದಾಣದಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಬೋಯಿಂಗ್ 747 ವಿಮಾನವು, ನೆಲ ಬಿಟ್ಟು ಎರಡು ನಿಮಿಷ ತುಂಬುವ ಮೊದಲೇ ಬಾಂದ್ರಾದ ಎದುರಿನ ಅರಬ್ಬೀ ಸಮುದ್ರದಲ್ಲಿ ಬಿದ್ದು ಮುಳುಗಿತು. 190 ಪ್ರಯಾಣಿಕರು ಮತ್ತು 23 ಸಿಬ್ಬಂದಿ, ಒಟ್ಟು 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಂಸ್ಥೆಯು 1971ರಲ್ಲಿ ಕೊಂಡು ತಂದ ಮೊಟ್ಟಮೊದಲ ಜಂಬೋ ವಿಮಾನ ಅದು. ಹೊಸ ವರ್ಷದ ಹರ್ಷದಲ್ಲಿದ್ದ ಮಹಾನಗರಕ್ಕೆ ಸಿಡಿಲೆರಗಿದಂತಾಯಿತು. ಮೊದಲಲ್ಲಿ ವಿಧ್ವಂಸಕ ಕೃತ್ಯದ ಶಂಕೆಯೂ ಹಬ್ಬಿತ್ತು. ಆದರೆ ಸಮುದ್ರದಿಂದ ಎತ್ತಿದ ಧ್ವನಿಮುದ್ರಣ ಹಾಗೂ ಇತರ ದಾಖಲೆಗಳು ಹೇಳಿದ ಕಥೆ ಬೇರೆಯಾಗಿತ್ತು. ಎಂಜಿನುಗಳು ಓಡುತ್ತಿದ್ದವು, ರೆಕ್ಕೆಗಳು ಸರಿಯಾಗಿದ್ದವು. ಕೆಟ್ಟದ್ದು ಕ್ಯಾಪ್ಟನ್ನರ ಮುಂದಿದ್ದ ಒಂದು ಉಪಕರಣ ಮಾತ್ರ.

ಆ ಉಪಕರಣದ ಮಹತ್ವವನ್ನು ತಿಳಿಯಬೇಕಾದರೆ ಮೊದಲು ಮನುಷ್ಯನ ಕಿವಿಯ ವಿಚಾರ ತಿಳಿಯಬೇಕು. ಕಿವಿ ಇರುವುದು ಕೇಳುವುದಕ್ಕೆ ಮಾತ್ರವೆಂದು ಸಾಮಾನ್ಯ ಜನರ ತಿಳಿವಳಿಕೆ. ಒಳಗಿವಿಯಲ್ಲಿ ಅರ್ಧವೃತ್ತಾಕಾರದ ಮೂರು ಸೂಕ್ಷ್ಮ ನಾಳಗಳಿದ್ದು, ಅವುಗಳಲ್ಲಿ ಒಂದು ಬಗೆಯ ದ್ರವ ತುಂಬಿರುತ್ತದೆ. ತಲೆ ತಿರುಗಿದಾಗ ನಾಳವು ತಿರುಗುತ್ತದೆ. ಒಳಗಿನ ದ್ರವ ತುಸು ಹಿಂದುಳಿಯುತ್ತದೆ. ಆ ಹಿಂದುಳಿಯುವಿಕೆಯಿಂದ ಕೂದಲೆಳೆಯಂಥ ಜೀವಕೋಶಗಳು ಬಾಗಿ, ‘ತಿರುಗುತ್ತಿದ್ದೇನೆ’ ಎಂಬ ವರದಿಯನ್ನು ಮೆದುಳಿಗೆ ಕಳುಹಿಸುತ್ತವೆ. ಇವಲ್ಲದೆ ಸುಣ್ಣದ ಅತಿಸಣ್ಣ ಹರಳುಗಳ ಭಾರದಿಂದ ಮೇಲು-ಕೆಳಗನ್ನು ಅಳೆಯುವ ಇನ್ನೆರಡು ಪುಟ್ಟ ಚೀಲಗಳೂ ಅಲ್ಲಿವೆ. ನೆಲದ ಮೇಲೆ ನಡೆದು, ಓಡಿ, ಮರ ಹತ್ತುವ ಪ್ರಾಣಿಗೆ ಈ ವ್ಯವಸ್ಥೆ ಸಾಕಷ್ಟಾಯಿತು.

ಆದರೆ ಒಂದು ದೋಷವಿದೆ. ಒಂದೇ ವೇಗದಲ್ಲಿ ಸುಮಾರು ಇಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ನಾಳದೊಳಗಿನ ದ್ರವವೂ ಅದೇ ವೇಗವನ್ನು ಹಿಡಿಯುತ್ತದೆ. ಆಗ ಕಿವಿಯು ‘ಈಗ ತಿರುಗುತ್ತಿಲ್ಲ’ ಎಂದು ಸಾಕ್ಷಿ ಹೇಳುತ್ತದೆ. ನಿಂತ ಮೇಲೆ ‘ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದೇನೆ’ ಎನ್ನುತ್ತದೆ. ಅಂಗಳದಲ್ಲಿ ಗಿರಗಿರನೆ ತಿರುಗಿ ನಿಂತ ಮಗು, ಮನೆಯೇ ತಿರುಗುತ್ತಿದೆಯೆಂದು ಕೇಕೆ ಹಾಕುವುದು ಇದೇ ಕಾರಣದಿಂದ. ತಿರುವು ತೀರ ನಿಧಾನವಾಗಿದ್ದರಂತೂ ಕಿವಿಗೆ ಅದರ ಸುಳಿವೇ ಹತ್ತುವುದಿಲ್ಲ. ವಿಮಾನವು ಒಂದು ಪಕ್ಕಕ್ಕೆ ವಾಲಿ ಹದವಾಗಿ ತಿರುಗುವಾಗ ಭಾರವೆಲ್ಲ ನೇರವಾಗಿ ಆಸನದ ಕಡೆಗೇ ಒತ್ತುವುದರಿಂದ, ಮುಂದಿನ ತಟ್ಟೆಯ ಮೇಲಿಟ್ಟ ಲೋಟದ ಚಹಾ ಕೂಡ ತುಳುಕುವುದಿಲ್ಲ. ಕುಳಿತವನು ತಾನು ನೆಟ್ಟಗೆ ಕುಳಿತಿದ್ದೇನೆಂದೇ ಆಣೆಯಿಟ್ಟು ಹೇಳಬಲ್ಲ.

ಹಗಲಿನಲ್ಲಿ ಈ ಸುಳ್ಳನ್ನು ಕಣ್ಣು ತಿದ್ದುತ್ತದೆ. ಕಣ್ಣಾದರೂ ಹರಿಶ್ಚಂದ್ರನೇನಲ್ಲ. ದಾದರಿನಲ್ಲಿ ನಿಂತ ಸ್ಲೋ ಲೋಕಲಿನ ಕಿಟಕಿಯ ಬಳಿ ಕುಳಿತವರಿಗೆ ಪಕ್ಕದ ಹಳಿಯ ಮೇಲೆ ವಿರಾರ್ ಫಾಸ್ಟ್ ಹೊರಟಾಗ ತಮ್ಮ ಗಾಡಿಯೇ ಹಿಂದಕ್ಕೆ ಸರಿದಂತೆ ಭಾಸವಾಗುವುದು ದಿನನಿತ್ಯದ ಅನುಭವ. ಮರುಕ್ಷಣ ಪ್ಲಾಟ್‌ಫಾರ್ಮಿನ ಕಂಬವನ್ನು ನೋಡಿದೊಡನೆ ಭ್ರಮೆ ಕಳೆಯುತ್ತದೆ. 1972ರ ಸೆಪ್ಟೆಂಬರಿನಲ್ಲಿ ಜಪಾನ್ ಏರ್‌ಲೈನ್ಸಿನ ದೊಡ್ಡ ಜೆಟ್ ವಿಮಾನವೊಂದು ಸಾಂತಾಕ್ರೂಜ್ ಎಂದು ಭಾವಿಸಿ ಜುಹುವಿನ ಪುಟ್ಟ ನಿಲ್ದಾಣದಲ್ಲಿ ಇಳಿದದ್ದೂ ಕಣ್ಣನ್ನು ನಂಬಿದ್ದರ ಫಲವೇ. ಕಂಬವೂ ಇಲ್ಲದ, ದಿಗಂತವೂ ಇಲ್ಲದ ಮೋಡದೊಳಗೆ ಅಥವಾ ರಾತ್ರಿಯ ಸಮುದ್ರದ ಮೇಲೆ ಕಣ್ಣು ಸಾಕ್ಷಿಯ ಕಟ್ಟೆಯಿಂದ ಇಳಿದುಬಿಡುತ್ತದೆ. ಉಳಿಯುವುದು ಕಿವಿಯ ಹೇಳಿಕೆಯೊಂದೇ.

ಆ ಹೇಳಿಕೆಯ ಬೆಲೆ ಎಷ್ಟೆಂಬುದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಪರೀಕ್ಷಿಸಿ ನೋಡಿದರು. ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗಿನ ನೋಟವನ್ನು ಮರೆಮಾಡಿ ವಿಮಾನವನ್ನು ನಡೆಸಲು ಕೊಟ್ಟಾಗ, ಇಪ್ಪತ್ತು ಜನರೂ ಹತೋಟಿ ತಪ್ಪಿದರು. ಸರಾಸರಿ ಹಿಡಿದ ಕಾಲ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. 1999ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ತನ್ನ ಸಣ್ಣ ವಿಮಾನದೊಡನೆ ರಾತ್ರಿಯ ಸಮುದ್ರಕ್ಕೆ ಬಿದ್ದು ಸತ್ತದ್ದಕ್ಕೂ ತನಿಖೆಯವರು ಕೊಟ್ಟ ಕಾರಣ ಈ ದಿಗ್ಭ್ರಮೆಯೇ.

ಈ ದಿಗ್ಭ್ರಮೆಗೆ ಮದ್ದಾಗಿ ಬಂದುದು ಬುಗುರಿ. ವೇಗವಾಗಿ ತಿರುಗುವ ಬುಗುರಿ ತನ್ನ ನಿಲುವನ್ನು ಬಿಟ್ಟುಕೊಡುವುದಿಲ್ಲವೆಂಬುದು ಹಳ್ಳಿಯ ಹುಡುಗರಿಗೂ ಗೊತ್ತು. ಅದೇ ತತ್ತ್ವದ ಮೇಲೆ ರಚಿತವಾದ ಕೃತಕ ದಿಗಂತವೆಂಬ ಉಪಕರಣವು, ಹೊರಗೆ ಏನೂ ಕಾಣದಿದ್ದರೂ ವಿಮಾನ ಎತ್ತ ವಾಲಿದೆ, ಮೂತಿ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಒಂದು ಗೆರೆಯ ಮೂಲಕ ತೋರಿಸುತ್ತದೆ. 1929ರಲ್ಲಿ ಜಿಮ್ಮಿ ಡೂಲಿಟ್ಲ್ ಎಂಬ ವೈಮಾನಿಕ, ತನ್ನ ಆಸನದ ಮೇಲೆ ಮುಸುಕು ಮುಚ್ಚಿಸಿಕೊಂಡು, ಇಂಥ ಉಪಕರಣಗಳನ್ನಷ್ಟೇ ನೋಡುತ್ತ ಏರಿ, ಹಾರಿ, ಇಳಿದು ತೋರಿಸಿದ. ಅಂದಿನಿಂದ ವಿಮಾನ ಶಾಲೆಗಳ ಮೊದಲ ಪಾಠ, ‘ದೇಹವನ್ನು ನಂಬಬೇಡ, ಉಪಕರಣವನ್ನು ನಂಬು’ ಎಂಬುದಾಗಿದೆ. ಭಾರತದಲ್ಲಿ ವಾಯುಪಡೆಯ ವೈಮಾನಿಕರಿಗೆ ಈ ಭ್ರಮೆಯನ್ನು ಪ್ರತ್ಯಕ್ಷ ಮಾಡಿಸಿ ಕಲಿಸುವ ಕೇಂದ್ರ ಬೆಂಗಳೂರಿನಲ್ಲಿದೆ. 1957ರಲ್ಲಿ ಆರಂಭವಾಗಿ ಇಂದು ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೆಂದು ಹೆಸರಾಗಿರುವ ಅದು, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡುವ ಕನ್ನಡಿಗರಲ್ಲೇ ಅನೇಕರಿಗೆ ಅಪರಿಚಿತ.

ಪಾಠ ಸರಿಯಾದುದೇ. ಆದರೆ ‘ಎಂಪರರ್ ಅಶೋಕ’ದ ಪ್ರಕರಣವು ಈ ಪಾಠ ಅರ್ಧ ಮಾತ್ರವೆಂಬುದನ್ನು 213 ಜೀವಗಳ ಬೆಲೆಗೆ ತೋರಿಸಿಕೊಟ್ಟಿತು. ಅಂದು ಕ್ಯಾಪ್ಟನ್ ಆಗಿದ್ದ ಮದನ್‌ಲಾಲ್ ಕುಕರ್ ಸುಮಾರು 18,000 ಗಂಟೆಗಳ ಅನುಭವವುಳ್ಳವರು. ಮೇಲೇರಿದ ಮೇಲೆ ವಿಮಾನವನ್ನು ಕೊಂಚ ಬಲಕ್ಕೆ ತಿರುಗಿಸಿ ಮತ್ತೆ ಸಮಸ್ಥಿತಿಗೆ ತಂದರು. ವಿಮಾನ ನೆಟ್ಟಗಾಯಿತು, ಆದರೆ ಅವರ ಮುಂದಿನ ಕೃತಕ ದಿಗಂತ ಮಾತ್ರ ‘ಇನ್ನೂ ಬಲಕ್ಕೆ ವಾಲಿದೆ’ ಎಂದೇ ತೋರಿಸುತ್ತ ನಿಂತಿತು. ಹೊರಗೆ ಕಪ್ಪು ಸಮುದ್ರ, ಕಪ್ಪು ಆಕಾಶ. ಅವರು ಎಡಕ್ಕೆ ತಿರುಗಿಸಿದರು; ಸೂಚಕ ಬದಲಾಗದಿರಲು ಇನ್ನಷ್ಟು ಎಡಕ್ಕೆ ತಿರುಗಿಸಿದರು. ವಿಮಾನವು ಎಡಕ್ಕೆ ಉರುಳುತ್ತ 90 ಡಿಗ್ರಿಯನ್ನೂ ಮೀರಿ ಮಗುಚಿ ಸಮುದ್ರದತ್ತ ಧುಮುಕಿತು. ಎರಡು ಸಾವಿರ ಅಡಿಗಿಂತ ಕೆಳಗಿದ್ದುದರಿಂದ ತಿದ್ದಿಕೊಳ್ಳಲು ಕಾಲಾವಕಾಶವೇ ಇರಲಿಲ್ಲ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಆ ಕೊಠಡಿಯಲ್ಲಿದ್ದ ಕೃತಕ ದಿಗಂತಗಳು ಒಂದಲ್ಲ, ಮೂರು. ಸಹವೈಮಾನಿಕರ ಮುಂದೆ ಒಂದು, ನಡುವಿನ ಫಲಕದಲ್ಲಿ ಆಪತ್ಕಾಲಕ್ಕೆಂದು ಇಟ್ಟ ಇನ್ನೊಂದು. ಅವಲ್ಲದೆ ತಿರುವನ್ನೂ ದಿಕ್ಕನ್ನೂ ತೋರಿಸುವ ಸೂಚಕಗಳೂ ಇದ್ದವು. ಕ್ಯಾಪ್ಟನ್ನರು ತಮ್ಮ ಉಪಕರಣ ಕೆಟ್ಟಿತೆಂದು ಬಾಯಿಬಿಟ್ಟು ಹೇಳಿದ್ದರು. ತಮ್ಮದೂ ಹಾಗೆಯೇ ಆಗಿದೆಯೆಂದು ಸಹವೈಮಾನಿಕರು ಹೇಳಿದರು. ಅದನ್ನು ಕ್ಯಾಪ್ಟನ್ನರು ತಮ್ಮ ಉಪಕರಣದ ಸಮರ್ಥನೆಯೆಂದು ತಿಳಿದಿರಬಹುದು. ಕೊನೆಯ ಕ್ಷಣಗಳಲ್ಲಿ, ಅದನ್ನು ನಂಬಬೇಡಿರೆಂದು ಫ್ಲೈಟ್ ಎಂಜಿನಿಯರರು ಎಚ್ಚರಿಸಿದ ಧ್ವನಿ ಮುದ್ರಿತವಾಗಿದೆ. ಆ ವೇಳೆಗೆ ಕಾಲ ಮಿಂಚಿತ್ತು. ಉಪಕರಣ ಕೆಟ್ಟ ಮೇಲೆ ವಿಮಾನದ ಸ್ಥಿತಿಯ ಅರಿವನ್ನೇ ಕಳೆದುಕೊಂಡು ಕ್ಯಾಪ್ಟನ್ನರು ನಡೆಸಿದ ಅಸಂಗತ ಚಾಲನೆಯೇ ಅಪಘಾತದ ಸಂಭವನೀಯ ಕಾರಣವೆಂದೂ, ಉಳಿದ ಉಪಕರಣಗಳ ನೆರವಿನಿಂದ ಹತೋಟಿ ಪಡೆಯಲು ಸಿಬ್ಬಂದಿ ವಿಫಲರಾದರೆಂದೂ ವಿಚಾರಣೆ ತೀರ್ಮಾನಿಸಿತು. ತಯಾರಕರ ಮೇಲೆ ಅಮೆರಿಕದಲ್ಲಿ ಹೂಡಿದ ದಾವೆಗಳೂ ಕೊನೆಗೆ ವಜಾ ಆದವು.

ಈ ತೀರ್ಮಾನ ಕಾನೂನಿನ ದೃಷ್ಟಿಯಿಂದ ಸರಿಯಾಗಿರಬಹುದು. ಆದರೂ ಇಡೀ ಭಾರವನ್ನು ಮಡಿದ ಒಬ್ಬ ವ್ಯಕ್ತಿಯ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭದ ಮಾರ್ಗ. ಕೆಲವೇ ಸೆಕೆಂಡುಗಳಲ್ಲಿ ಅಷ್ಟು ಸೂಚಕಗಳನ್ನು ಹೋಲಿಸಿ ಸುಳ್ಳುಗಾರನನ್ನು ಒಬ್ಬನೇ ಹಿಡಿಯಬೇಕೆಂಬ ನಿರೀಕ್ಷೆಯೇ ಅತಿಯಾದುದು. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ತಿಜೋರಿಯ ಬೀಗದ ಕೈಗಳನ್ನು ಇಬ್ಬರು ಅಧಿಕಾರಿಗಳ ಜಂಟಿ ಸ್ವಾಧೀನದಲ್ಲಿಡುವುದು ಅವರಲ್ಲಿ ಯಾರೂ ಪ್ರಾಮಾಣಿಕರಲ್ಲವೆಂದಲ್ಲ. ಒಬ್ಬ ಬರೆದ ಚೀಟಿಯನ್ನು ಇನ್ನೊಬ್ಬ ಪಾಸು ಮಾಡಬೇಕೆಂಬ ನಿಯಮವೂ ಬರೆದವನಿಗೆ ಅವಮಾನವಲ್ಲ. ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದಿದರೂ ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿರಬಹುದೆಂದು ಲೆಕ್ಕಪರಿಶೋಧಕರು ಮೂಲ ಚೀಟಿಗಳನ್ನು ಕೇಳುತ್ತಾರೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದ ಹಿರಿಯರು ಕಣ್ಣಿನಷ್ಟೇ ಸೂಚಕಕ್ಕೂ ಸಲ್ಲುವ ಮಾತನ್ನೇ ಹೇಳಿದ್ದಾರೆ.

ಪ್ರಮಾಣಿಸುವವನಿಗೆ ಬಾಯಿಯೂ ಇರಬೇಕು. 1977ರಲ್ಲಿ ಟೆನೆರೀಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತಾಗ, ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರನೊಬ್ಬ ಸಂದೇಹ ವ್ಯಕ್ತಪಡಿಸಿದ್ದ. ಹಿರಿಯ ಕ್ಯಾಪ್ಟನ್ ಅದನ್ನು ಲಕ್ಷಿಸಲಿಲ್ಲ. ಅನಂತರದ ವರ್ಷಗಳಲ್ಲಿ ಕಿರಿಯರು ಗಟ್ಟಿಯಾಗಿ ಹೇಳುವುದನ್ನೂ ಹಿರಿಯರು ಕೇಳುವುದನ್ನೂ ವಿಮಾನ ಸಂಸ್ಥೆಗಳು ತರಬೇತಿಯ ವಿಷಯವನ್ನಾಗಿ ಮಾಡಿದವು. ‘ದೊಡ್ಡವರ ಮುಂದೆ ಎದುರಾಡಬಾರದು’ ಎಂದು ಕಲಿತು ಬೆಳೆದ ದೇಶದಲ್ಲಿ ಈ ತರಬೇತಿ ಕಚೇರಿಗಳಿಗೂ ಆಸ್ಪತ್ರೆಗಳಿಗೂ ಇನ್ನಷ್ಟು ಬೇಕಾಗಿದೆ.

ಈ ಪುಟಗಳನ್ನು ಆರೋಗ್ಯದ ದೃಷ್ಟಿಯಿಂದ ಓದುವವರಿಗಾಗಿ ಎರಡು ಮಾತು. ವೈಮಾನಿಕನನ್ನು ವಂಚಿಸುವ ಒಳಗಿವಿಯೇ ಮನೆಯ ಹಿರಿಯರನ್ನೂ ಕಾಡುತ್ತದೆ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದೊಡನೆ ಕೋಣೆಯೇ ಸುತ್ತಿದಂತಾಗಿ ಕೆಲವು ಸೆಕೆಂಡುಗಳಲ್ಲಿ ನಿಂತರೆ, ಮೇಲೆ ಹೇಳಿದ ಸುಣ್ಣದ ಹರಳುಗಳು ಸ್ಥಳ ಬಿಟ್ಟು ನಾಳದೊಳಗೆ ಸೇರಿರುವ ಸಂಭವವಿದೆ. ‘ಪಿತ್ತ’ವೆಂದು ನಿಂಬೆಹಣ್ಣಿನ ಪಾನಕ ಕುಡಿದು ಸುಮ್ಮನಿರುವ ಬದಲು ವೈದ್ಯರಲ್ಲಿಗೆ ಹೋದರೆ, ತಲೆಯನ್ನು ಕ್ರಮವಾಗಿ ಕೆಲವು ಭಂಗಿಗಳಲ್ಲಿ ತಿರುಗಿಸಿಯೇ ಬಹುಪಾಲು ಗುಣಪಡಿಸುತ್ತಾರೆ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಕತ್ತಲೆಯಲ್ಲಿ ಏಳುವಾಗ ಕಣ್ಣನ್ನೂ ಪಾದವನ್ನೂ ಕಳೆದುಕೊಂಡು ಕಿವಿಯೊಂದನ್ನೇ ನೆಚ್ಚಿರುತ್ತಾರೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ, ಮುರಿದ ತೊಡೆಯ ಮೂಳೆಯ ಚಿಕಿತ್ಸೆಗಿಂತ ಬಹಳ ಅಗ್ಗ.

ರಕ್ತದೊತ್ತಡದ ವಿಚಾರವೂ ಇದಕ್ಕೆ ದೂರವಲ್ಲ. ‘ನನಗೇನೂ ಆಗುತ್ತಿಲ್ಲ, ಚೆನ್ನಾಗಿಯೇ ಇದ್ದೇನೆ’ ಎಂದು ಬೆಳಗಿನ ಲೋಕಲಿಗೆ ಓಡುವ ಐವತ್ತರ ಗೃಹಸ್ಥನ ದೇಹವು, ವಾಲಿದ ವಿಮಾನದಲ್ಲಿ ಕುಳಿತವನಂತೆ, ತಾನು ನೆಟ್ಟಗಿದ್ದೇನೆಂದೇ ಹೇಳುತ್ತಿರುತ್ತದೆ. ಏರಿದ ಒತ್ತಡಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ. ಹಾಗೆಂದು ಮೆಟ್ಟಿಲು ಹತ್ತಿ ಬಂದು ಏದುಸಿರಿನಲ್ಲಿ ತೆಗೆದ ಒಂದು ಅಂಕಿಯನ್ನು ನಂಬಿ ಗಾಬರಿಯಾಗುವುದೂ, ಸರಿಯಾಗಿ ಬಂದ ಒಂದು ಅಂಕಿಯನ್ನು ನಂಬಿ ಮಾತ್ರೆ ಬಿಡುವುದೂ ತಪ್ಪು. ಐದು ನಿಮಿಷ ಕುಳಿತು, ತೋಳಿನ ಅಳತೆಗೆ ತಕ್ಕ ಪಟ್ಟಿ ಕಟ್ಟಿಸಿ, ಬೇರೆ ಬೇರೆ ದಿನಗಳಲ್ಲಿ ಅಳೆಯಬೇಕು. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕು. ಮನೆಯಲ್ಲಿ ಯಂತ್ರವಿದ್ದರೆ ವರ್ಷಕ್ಕೊಮ್ಮೆ ಅದನ್ನು ದವಾಖಾನೆಗೆ ಒಯ್ದು, ಅಲ್ಲಿಯ ಯಂತ್ರದೊಡನೆ ತಾಳೆ ನೋಡಿಸಿ, ಎರಡೂ ಅಂಕಿಗಳನ್ನು ದಿನಾಂಕದೊಡನೆ ಬರೆದಿಡುವುದು ಒಳ್ಳೆಯದು.