ಕೆಟ್ಟರೆ ಸರಿಮಾಡುವವರು ಯಾರು?

ಇತ್ತೀಚೆಗೆ ಗೆಳೆಯರ ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದ ಯುವಕನೊಬ್ಬ, 'ನಮ್ಮ ದೇಹ ಹಳೇ ಮಾಡೆಲ್ ಸಾರ್, ಅಪ್‌ಗ್ರೇಡ್ ಆಗಲೇಬೇಕು' ಎಂದ. ಸುತ್ತ ಕುಳಿತವರು ತಲೆದೂಗಿದರು. ನಾನೂ ಕೆಲವು ತಿಂಗಳಿಂದ, ತಂತ್ರಜ್ಞಾನದ ಬಲದಿಂದ ದೇಹದ ಮಿತಿ ದಾಟಬೇಕೆನ್ನುವ ಟ್ರಾನ್ಸ್‌ಹ್ಯೂಮನಿಸಂ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಮಿದುಳಿಗೆ ಚಿಪ್ಪು, ದಣಿಯದ ಕಾಲು, 2045ರ ಹೊತ್ತಿಗೆ ಮನುಷ್ಯನ ಬುದ್ಧಿಯೂ ಯಂತ್ರದ ಬುದ್ಧಿಯೂ ಬೆಸೆದುಕೊಳ್ಳುತ್ತವೆ ಎಂಬ ಅಮೆರಿಕದ ಭವಿಷ್ಯಚಿಂತಕ ರೇ ಕರ್ಜ್‌ವೈಲ್ ಅವರ ಲೆಕ್ಕ. ಓದಿದಷ್ಟೂ ನನಗೊಂದು ವಿಷಯ ಗಟ್ಟಿಯಾಗುತ್ತಿದೆ. ದೇಹದ ಮಿತಿಯನ್ನು ದಾಟಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಹುರುಳಿಲ್ಲ. ದೇಹದೊಳಗೆ ಕೂತ ಯಂತ್ರ ಕೆಟ್ಟ ದಿನ ಅದನ್ನು ಸರಿಮಾಡುವವರು ಯಾರು, ಅದರ ಕೀಲಿಕೈ ಯಾರ ಜೇಬಿನಲ್ಲಿದೆ ಎಂದು ಕೇಳಬೇಕು.

ಮಿತಿ ದಾಟುವ ಕೆಲಸವನ್ನು ನಾವು ಎಂದೋ ಶುರುಮಾಡಿದ್ದೇವೆ. ಹದಿಮೂರನೆಯ ಶತಮಾನದ ಇಟಲಿಯಲ್ಲಿ ಕನ್ನಡಕ ಬಂತು. ನಲವತ್ತು ದಾಟಿದ ಮೇಲೆ ಅಕ್ಷರ ಮಸುಕಾಗಿ ಓದು ಬಿಟ್ಟವರಿಗೆ ಮತ್ತೆ ಓದು ಸಿಕ್ಕಿತು. ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಸಿಡುಬಿನ ಲಸಿಕೆ ಹಾಕಿ ನೋಡಿದ. ಸುಮಾರು ಹತ್ತು ವರ್ಷಕ್ಕೆ ಅದು ಮೈಸೂರು ಅರಮನೆಯ ರಾಣೀವಾಸವನ್ನು ತಲುಪಿತ್ತು. ಕಾಯಿಲೆಯೇ ಇಲ್ಲದ ದೇಹಕ್ಕೆ ಹುಟ್ಟಿನಿಂದ ಬಾರದ ಬಲವನ್ನು ಹೊರಗಿನಿಂದ ಕೊಡುವುದೇ ಲಸಿಕೆ. ಹಾಗಾಗಿ ಚಿಕಿತ್ಸೆ ಸರಿ, ವರ್ಧನೆ ತಪ್ಪು ಎಂದು ಗೆರೆ ಎಳೆಯುವವರ ಕಾಳಜಿ ಅರ್ಥವಾದರೂ ಆ ಗೆರೆ ನಿಲ್ಲುವುದಿಲ್ಲ. ದೇವರ ಸೃಷ್ಟಿಗೆ ಕೈಹಾಕಬಾರದೆಂಬ ವಾದಕ್ಕೆ ಸಿಡುಬು ಭೂಮಿಯಿಂದ ತೊಲಗಿದಾಗಲೇ ಉತ್ತರ ಸಿಕ್ಕಿದೆ. ಅಮೆರಿಕದ ರಾಜಕೀಯ ಚಿಂತಕ ಫ್ರಾನ್ಸಿಸ್ ಫುಕುಯಾಮಾ 2004ರಲ್ಲಿ ಎತ್ತಿದ ಆಕ್ಷೇಪ ಇದಕ್ಕಿಂತ ತೂಕದ್ದು. ಕೆಲವರು ತಮ್ಮನ್ನು ತಿದ್ದಿಸಿಕೊಂಡು ಮೇಲೇರಿದರೆ ಮನುಷ್ಯರೆಲ್ಲ ಸಮಾನರೆಂಬ ನಂಬಿಕೆಯ ಬುಡವೇ ಅಲ್ಲಾಡುತ್ತದೆ ಎಂಬುದು ಅವರ ಭಯ. ಆ ಭಯ ನನ್ನಲ್ಲೂ ಇದೆ. ಆದರೆ ಹಸಿವಿನಲ್ಲಿ ಬೆಳೆದ ಮಗುವಿನ ದೇಹ, ಹೊಟ್ಟೆತುಂಬ ಉಂಡು ಬೆಳೆದ ಮಗುವಿನ ದೇಹ ಈಗಲೂ ಸಮಾನವಾಗಿಲ್ಲ. ಯಂತ್ರ ಆ ಅಂತರವನ್ನು ಹಿಗ್ಗಿಸುತ್ತದೋ ಕುಗ್ಗಿಸುತ್ತದೋ ಎಂಬುದು ಅದರ ಒಡೆತನದಿಂದಲೇ ತೀರ್ಮಾನವಾಗುತ್ತದೆ.

ನನ್ನನ್ನು ಕಂಗೆಡಿಸಿದ್ದು ಆರ್ಗಸ್ ಕತೆ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ರೆಟಿನಾ ಕ್ಷೀಣಿಸಿ ದೃಷ್ಟಿ ಕಳೆದುಕೊಂಡವರಿಗಾಗಿ ಆರ್ಗಸ್ 2 ಎಂಬ ಸಾಧನ ಮಾಡಿತು. ಕನ್ನಡಕದಲ್ಲೊಂದು ಪುಟ್ಟ ಕ್ಯಾಮೆರಾ, ಮೈಮೇಲೆ ಸಿಕ್ಕಿಸಿಕೊಳ್ಳುವ ಒಂದು ಪೆಟ್ಟಿಗೆ, ಕಣ್ಣಿನೊಳಗೆ 60 ಎಲೆಕ್ಟ್ರೋಡುಗಳು. 2013ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಕಾಣುತ್ತಿದ್ದುದು ಮಸುಕು ಮಿನುಗು ಮಾತ್ರ: ಬಾಗಿಲಿನ ಚೌಕಟ್ಟು, ರಸ್ತೆಯ ಅಂಚು, ಎದುರಿಗೆ ನಿಂತವರ ಆಕಾರ. ವರ್ಷಗಟ್ಟಲೆ ಕತ್ತಲಲ್ಲಿದ್ದವರಿಗೆ ಅಷ್ಟೇ ದೊಡ್ಡದು. 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. 2019ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು; ಮರುವರ್ಷ ಮುಳುಗುವ ಹಂತಕ್ಕೆ ಬಂದು ನೌಕರರನ್ನು ಮನೆಗೆ ಕಳಿಸಿತು. ಪೆಟ್ಟಿಗೆ ಬಿದ್ದು ಒಡೆದರೆ ಬಿಡಿಭಾಗವಿಲ್ಲ. ತಲೆಯ ಎಂಆರ್‌ಐ ಮಾಡಿಸಬೇಕಾಗಿ ಬಂದರೆ, ಕಣ್ಣೊಳಗಿನ ಯಂತ್ರಕ್ಕೆ ಅದು ಅಪಾಯವೇ ಎಂಬ ಪ್ರಶ್ನೆಗೆ ಉತ್ತರಿಸುವವರಿಲ್ಲ. ಇದ್ದ ಬೆಳಕು ಯಾವ ದಿನ ಆರೀತೋ ಎಂಬ ಅಂಜಿಕೆಯಲ್ಲೇ ದಿನ ದೂಡಬೇಕಾಯಿತು. ಇದನ್ನು ವ್ಯಾಪಾರದ ಏರಿಳಿತವೆಂದು ಬರೆದು ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಗಡಿಯ ಬಾಗಿಲು ಹಾಕಿದ ಹಾಗೆ ಮನುಷ್ಯನ ಕಣ್ಣನ್ನು ಮುಚ್ಚಲು ಯಾರಿಗೂ ಹಕ್ಕಿಲ್ಲ.

ಇದರ ಪಕ್ಕದಲ್ಲಿ ಜೈಪುರ ಕಾಲನ್ನು ಇಟ್ಟು ನೋಡಿ. 1960ರ ದಶಕದ ಕೊನೆ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆತಜ್ಞ ಪ್ರಮೋದ್ ಕರಣ್ ಸೇಠಿ ಅವರ ಕಣ್ಣಿಗೆ ಒಂದು ವಿಷಯ ಬಿತ್ತು: ವಿದೇಶಿ ಮಾದರಿಯ ಕೃತಕ ಕಾಲು ಹಾಕಿಸಿಕೊಂಡು ಹೋದವರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಆ ಕಾಲಿಗೆ ಬೂಟು ಬೇಕು. ನಮ್ಮವರು ಕೆಸರುಗದ್ದೆಗೆ ಇಳಿಯಬೇಕು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಕು, ಬಯಲಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಕು, ಗುಡಿಯ ಬಾಗಿಲಲ್ಲಿ ಮೆಟ್ಟು ಬಿಡಬೇಕು. ಸೇಠಿಯವರ ಜೊತೆಗೆ ನಿಂತವರು ರಾಮಚಂದ್ರ ಶರ್ಮ. ಶಾಲೆಯ ಓದು ಕಡಿಮೆ, ಕೈಯಲ್ಲಿ ವಿದ್ಯೆಯಿದ್ದ ಕುಶಲಕರ್ಮಿ. ಸೈಕಲ್ ಪಂಕ್ಚರ್ ಹಾಕಿಸಲು ಹೋದಾಗ ಲಾರಿ ಟೈರಿಗೆ ಹೊಸ ರಬ್ಬರ್ ಕೂಡಿಸುವುದನ್ನು ಕಂಡು ಅವರಿಗೆ ದಾರಿ ಹೊಳೆಯಿತೆಂದು ಹೇಳುತ್ತಾರೆ. ರಬ್ಬರ್, ಮರ, ಅಲ್ಯೂಮಿನಿಯಂ ಸೇರಿ ಒಂದು ಕಾಲಾಯಿತು. ಬೆರಳುಗಳಿರುವ, ನಮ್ಮ ಮೈಬಣ್ಣದ ಪಾದ. ಬರಿಗಾಲಲ್ಲೇ ನಡೆಯಬಹುದು, ನೀರಿಗಿಳಿಯಬಹುದು, ಮರವನ್ನೂ ಹತ್ತಬಹುದು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಹಾಗಾಗಿಯೇ ಅದು ಊರೂರಿಗೆ ಹೋಯಿತು. ನೆಲಬಾಂಬಿಗೆ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದವರಿಗೂ ಸಿಕ್ಕಿತು. ಅಪಘಾತದಲ್ಲಿ ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಆ ಕಾಲಿನಲ್ಲೇ ಭರತನಾಟ್ಯಕ್ಕೆ ಮರಳಿದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಎಷ್ಟೋ ಕಡೆ ಬಿಟ್ಟುಹೋಗುತ್ತದೆ, ಅದು ಅನ್ಯಾಯ. ಜೈಪುರ ಕಾಲಿನ ಗುಣಮಟ್ಟ ಎಲ್ಲ ಕಡೆ ಒಂದೇ ತೆರನಾಗಿಲ್ಲ ಎಂಬ ಎಂಜಿನಿಯರುಗಳ ಟೀಕೆ ನಿಜ. ಆದರೂ ಅದು ಸವೆದಾಗ ಬದಲಿಸಿಕೊಡುವ ಕೈಗಳು ಈ ನೆಲದಲ್ಲೇ ಇವೆ, ಆ ಕೈಗಳಿಗೆ ಯಾರ ಅನುಮತಿಯೂ ಬೇಕಿಲ್ಲ.

ಎದುರುವಾದಿಯ ಮಾತನ್ನು ಇಲ್ಲಿ ಗೌರವದಿಂದಲೇ ಕೇಳಬೇಕು. ಕಾಲು ಬೇರೆ, ಮಿದುಳು ಬೇರೆ. ಚಿಪ್ಪನ್ನು ಮರದಡಿ ಕೂತು ರಿಪೇರಿ ಮಾಡಲಾಗದು. ಮೊದಲು ಧೈರ್ಯ ಮಾಡಿದವರು ನೋವುಣ್ಣದೆ ಯಾವ ವೈದ್ಯವೂ ಬೆಳೆದಿಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿಯ ಮಿದುಳಿನ ಚಿಪ್ಪನ್ನು ಮೊದಲು ಹಾಕಿಸಿಕೊಂಡ ಯುವಕನಿಗೆ ಭುಜದಿಂದ ಕೆಳಗೆ ಚಲನೆಯಿರಲಿಲ್ಲ. ಕೆಲವೇ ವಾರಗಳಲ್ಲಿ, ಮಿದುಳಿನೊಳಗೆ ನೆಟ್ಟಿದ್ದ ಕೂದಲಿಗಿಂತ ತೆಳುವಾದ ಎಳೆಗಳಲ್ಲಿ ಹಲವು ಹಿಂದೆ ಸರಿದವು. ಆದರೂ ಮನಸ್ಸಿನಿಂದಲೇ ಕರ್ಸರ್ ಓಡಿಸಿ ಚೆಸ್ ಆಡುವುದು ತನ್ನ ಬದುಕಿಗೆ ಏನು ಕೊಟ್ಟಿತೆಂದು ಆತ ಹೇಳುವಾಗ, ಎರಡು ಕೈ ಆಡಿಸಬಲ್ಲ ನಾನು ಬೇಡವೆನ್ನಲಾರೆ. ಆ ಹಕ್ಕು ಅವನದು. ಆದರೆ ಎಳೆ ಸರಿದಾಗ ಕಂಪನಿ ತನ್ನ ತಂತ್ರಾಂಶವನ್ನು ತಿದ್ದಿ ಚಿಪ್ಪು ಮತ್ತೆ ಚೆನ್ನಾಗಿ ಕೆಲಸ ಮಾಡುವಂತೆ ಮಾಡಿತು. ಕಂಪನಿ ಇತ್ತು, ಹಣವಿತ್ತು, ಜಗತ್ತೆಲ್ಲ ನೋಡುತ್ತಿತ್ತು. ಮುಂದೊಂದು ದಿನ ಸಾವಿರದನೆಯವನಿಗೆ ಹೀಗಾದಾಗ ಇಷ್ಟು ಕಾಳಜಿ ವಹಿಸಲೇಬೇಕೆಂದು ಯಾರು ಬರೆದುಕೊಟ್ಟಿದ್ದಾರೆ?

ಟ್ರಾನ್ಸ್‌ಹ್ಯೂಮನಿಸಂ ಎಂಬ ಮಾತನ್ನು 1957ರ ತಮ್ಮ ಪ್ರಬಂಧದಿಂದ ಪ್ರಚಾರಕ್ಕೆ ತಂದವರು ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ, ಯುನೆಸ್ಕೋದ ಮೊದಲ ಮಹಾನಿರ್ದೇಶಕರು. ಅಲ್ಲೊಬ್ಬ ಇಲ್ಲೊಬ್ಬ ಮೇಲೇರಿದರೆ ಸಾಲದು, ಇಡೀ ಮನುಕುಲ ತನ್ನನ್ನು ಮೀರಬೇಕು ಎಂಬುದು ಅವರ ಆಶಯವಾಗಿತ್ತು. ಅದೇ ಹಕ್ಸ್‌ಲಿ ಬ್ರಿಟನ್ನಿನ ಯುಜೆನಿಕ್ಸ್ ಸಂಘದ ಅಧ್ಯಕ್ಷರೂ ಆಗಿದ್ದರು. ಎಂಥವರು ಹುಟ್ಟಬೇಕೆಂದು ಕೆಲವರು ಕೂತು ತೀರ್ಮಾನಿಸಬಹುದೆಂದು ನಂಬಿದ್ದ ಪಂಥ ಅದು. ಒಂದೇ ತಲೆಯಲ್ಲಿ ಎರಡೂ ಇದ್ದವು. ಇಂದು ಚಿರಾಯುವಾಗಲು ಹೊರಟ ಸಿರಿವಂತರ ಮಾತಿನಲ್ಲಿ 'ಇಡೀ ಮನುಕುಲ' ಎಂಬ ಭಾಗ ಮಾತ್ರ ಕೇಳಿಸುತ್ತಿಲ್ಲ.

ನಾನು ಕೇಳುವುದು ಇಷ್ಟು. ದೇಹದೊಳಗೆ ಸೇರುವ ಯಂತ್ರವನ್ನು ಮಾರುವ ಮೊದಲೇ ಅದರ ನಕ್ಷೆ, ತಂತ್ರಾಂಶ, ಬಿಡಿಭಾಗಗಳ ವಿವರವನ್ನು ಸರ್ಕಾರದ ಬಳಿ ಠೇವಣಿ ಇಡಬೇಕು. ಕಂಪನಿ ಮುಳುಗಿದರೆ ಅವು ಸಾರ್ವಜನಿಕರ ಸೊತ್ತಾಗಬೇಕು. ರಿಪೇರಿಗೆಂದೇ ಹಣ ಎತ್ತಿಡಬೇಕು. ಈ ಮಾತು ನಮಗೆ ಇವತ್ತೇ ಬೇಕಾಗಿದೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಸರ್ಕಾರಿ ಯೋಜನೆಗಳಲ್ಲಿ ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿಸುತ್ತಿದ್ದೇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಂಥ ಮಕ್ಕಳು ಮಾತು ಕಲಿಯುತ್ತಿದ್ದಾರೆ. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ಕಿವಿಯ ಹಿಂದೆ ಕೂರುವ ಪ್ರೊಸೆಸರ್ ಸವೆಯುತ್ತದೆ. ಹೊಸ ಮಾಡೆಲ್ ಬಂದ ಮೇಲೆ ಹಳೆಯದರ ಬಿಡಿಭಾಗ ಸಿಗುವುದು ನಿಲ್ಲುತ್ತದೆ. ಹೊಸದಕ್ಕೆ ಲಕ್ಷಗಟ್ಟಲೆ ರೂಪಾಯಿ. ಇಂಪ್ಲಾಂಟ್ ಹಾಕಿಸುವಾಗ ಆ ಮಗುವಿಗೆ ಎರಡೋ ಮೂರೋ ವರ್ಷ. ಅದು ಇನ್ನೂ ಎಪ್ಪತ್ತು ವರ್ಷ ಬದುಕಬೇಕು.