ಕಾರು ಒಂದು, ಕಾಲು ಸೊನ್ನೆ!

ಬುತ್ತಿಯ ಚೀಲ ಹಿಡಿದು ಲಗ್ಗೆರೆಯಿಂದ ಪೀಣ್ಯದ ಕಡೆಗೆ ದಿನಾ ಬೆಳಿಗ್ಗೆ ನಡೆದು ಹೋಗುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎಷ್ಟು ಮಂದಿ? ಲಗ್ಗೆರೆ ಬ್ರಿಡ್ಜಿನ ಹತ್ತಿರ ಹೊರವರ್ತುಲ ರಸ್ತೆಯನ್ನು ದಾಟುವ ಶಾಲಾಮಕ್ಕಳು ಎಷ್ಟು? ಯಾವ ಕಚೇರಿಗಾದರೂ ಹೋಗಿ ಕೇಳಿ ನೋಡಿ. ಅದೇ ರಸ್ತೆಯಲ್ಲಿ ಗಂಟೆಗೆ ಓಡುವ ಕಾರುಗಳೆಷ್ಟು ಎಂದು ಕೇಳಿ. ದಪ್ಪ ಇಂಗ್ಲಿಷ್ ವರದಿಯ ಪುಟ ಬಿಚ್ಚುತ್ತಾರೆ.

ನಮ್ಮ ಜಿಲ್ಲೆಯ ಓದುಗರು, ಬೆಂಗಳೂರಿನ ತಗಾದೆ ನಮಗೇಕೆ ಎನ್ನಬಹುದು. ಲಗ್ಗೆರೆಯ ವಠಾರಗಳಲ್ಲಿ ಬಾಡಿಗೆಗಿರುವವರು ಯಾರು ಸ್ವಾಮಿ? ಮಳೆ ಕೈಕೊಟ್ಟ ಊರುಗಳಿಂದ ಹೊಟ್ಟೆಪಾಡಿಗೆ ಹೋದ ನಿಮ್ಮ ಮಕ್ಕಳೇ, ನಿಮ್ಮ ಸೊಸೆಯಂದಿರೇ.

ಇಲ್ಲಿ ಅಳತೆಗೋಲೇ ಸೊಟ್ಟಗಿದೆ. ರಸ್ತೆಗಳಿಗೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (1934ರಲ್ಲಿ ಹುಟ್ಟಿದ ಈ ಕಾಂಗ್ರೆಸ್ಸು ಬೇರೆ, ಓದುಗರು ಗಾಬರಿಯಾಗಬೇಕಿಲ್ಲ) 1990ರಲ್ಲಿ ನಗರದ ರಸ್ತೆಗಳಿಗೊಂದು ಕೋಷ್ಟಕ ಕೊಟ್ಟಿತು. ಅದರಲ್ಲಿ ಕಾರೇ ಸೇರು, ಕಾರೇ ಪಾವು. ಕಾರು ಒಂದಾದರೆ ಸೈಕಲ್ಲು ಹೆಚ್ಚೆಂದರೆ ಅರ್ಧ, ಬಸ್ಸು 2.2ರಿಂದ 3.7, ತಳ್ಳುಗಾಡಿ 2ರಿಂದ 3. ಅರವತ್ತು ಜನರನ್ನು ಹೊತ್ತು ಬರುವ ಬಸ್ಸು ಸುಮಾರು ನಾಲ್ಕು ಕಾರಿನ ಜಾಗ ತಿನ್ನುವ ಭೂತ! ಸೊಪ್ಪು ಮಾರುವ ಮುದುಕಿಯ ಗಾಡಿ ಮೂರು ಕಾರಿನಷ್ಟು ಅಡ್ಡಿ! ಇನ್ನು ನಡೆಯುವವನ ಗತಿ? ಆ ಕೋಷ್ಟಕದಲ್ಲಿ ಅವನ ಪಾಲಿಗೆ ಒಂದು ಸಾಲೂ ಇಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಸತ್ತ ಮೇಲೆ ಎಣಿಸುವುದು ಸರ್ಕಾರಕ್ಕೆ ಚೆನ್ನಾಗಿ ಬರುತ್ತದೆ.

ಹಾಗಾದರೆ ಬದುಕಿರುವಾಗ ನಮ್ಮನ್ನು ನಾವೇ ಎಣಿಸಿಕೊಳ್ಳೋಣ ಎಂದರೆ ನಮ್ಮ ಸಂಗಾತಿಗಳೇ ಮೂಗು ಮುರಿಯುತ್ತಾರೆ. ಎಣಿಕೆ ಗುಮಾಸ್ತರ ಕೆಲಸವಂತೆ, ನಮ್ಮದು ಧರಣಿಯಂತೆ! 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆ ಎಂದಾಗ ಸರ್ಕಾರ ಹದಿನೈದಾಣೆ ಎಂದು ವಾದಿಸಿತು. ಅವರು ಅಂದು ಕೈಯಲ್ಲಿ ಹಿಡಿದಿದ್ದದ್ದು ಅಂಕಿ, ಬಾವುಟವಲ್ಲ. ಸರ್ಕಾರದ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡಬೇಕೇ ಎಂದು ಕೇಳುವವರೂ ಇದ್ದಾರೆ. 1974ರ ಭೂಸುಧಾರಣೆಯ ಕಾಲದಲ್ಲಿ ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರ ಪಟ್ಟ ಪಾಡನ್ನು ಅವರು ತಮ್ಮ ಮನೆಯ ಹಿರಿಯರಲ್ಲಿ ವಿಚಾರಿಸಲಿ.

ಎಣಿಸಿದರೆ ಸಿಗುವುದೇನು? ಇದೇ ರೋಡ್ಸ್ ಕಾಂಗ್ರೆಸ್ಸಿನ 2012ರ ಪಾದಚಾರಿ ನಿಯಮಾವಳಿಯಲ್ಲಿ ಒಂದು ಸೂತ್ರವಿದೆ. ದಟ್ಟಣೆಯ ಒಂದು ಗಂಟೆಯಲ್ಲಿ ಓಡುವ ವಾಹನಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ದಾಟುವ ಜನರ ಸಂಖ್ಯೆಯಿಂದ ಗುಣಿಸಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿ ಮೀರಿದರೆ, ವಿಭಜಕವಿದ್ದಲ್ಲಿ 20 ಕೋಟಿ ಮೀರಿದರೆ, ವಾಹನ ತಡೆದು ಜನರನ್ನು ದಾಟಿಸುವ ವ್ಯವಸ್ಥೆಗೆ ಆಧಾರವಾಯಿತು. ಏಳನೇ ತರಗತಿಯ ಹುಡುಗಿ ಹಾಕಬಲ್ಲ ಲೆಕ್ಕ. ವಿಭಜಕವಿಲ್ಲದ ಒಳರಸ್ತೆಯಲ್ಲಿ ಗಂಟೆಗೆ 1,000 ವಾಹನ, 100 ಜನ: ಸರಿಯಾಗಿ 10 ಕೋಟಿ. ವಾಹನ 2,000 ಆದರೆ 25 ಜನಕ್ಕೇ ಅಷ್ಟಾಗುತ್ತದೆ. ಇದನ್ನು ಕಲಿಯಲು ಯಾವ ಕನ್ಸಲ್ಟೆನ್ಸಿಗೆ ಕೋಟಿ ಸುರಿಯಬೇಕು?

ಆದರೆ ಈ ಸೂತ್ರದೊಳಗೂ ಒಂದು ಮೋಸವಿದೆ. ದಾಟಿದವರು ಮಾತ್ರ ಅದರ ಕಣ್ಣಿಗೆ ಬೀಳುತ್ತಾರೆ. ಲಾರಿಗಳ ಅಬ್ಬರಕ್ಕೆ ಹೆದರಿ ಆಚೆಯ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಕುಳಿತ ಅಜ್ಜಿ ಅದರಲ್ಲಿಲ್ಲ. ರಸ್ತೆಯಾಚೆಯ ಸರ್ಕಾರಿ ಶಾಲೆಗೆ ಮಗುವನ್ನು ಕಳಿಸಲು ಅಂಜಿ, ಸಾಲ ಮಾಡಿ ಈಚೆಯ ಕಾನ್ವೆಂಟಿಗೆ ಸೇರಿಸಿದ ತಾಯಿಯೂ ಇಲ್ಲ. ವಿಭಜಕಕ್ಕೆ ಕಬ್ಬಿಣದ ಬೇಲಿ ಬಿಗಿದು, ಮರುದಿನ ಎಣಿಸಲು ಬಂದು, ಇಲ್ಲಿ ಯಾರೂ ದಾಟುವುದಿಲ್ಲವೆಂದು ಬರೆದುಕೊಂಡು ಹೋಗಬಹುದು. ಬಾವಿಗೆ ಬೀಗ ಹಾಕಿ, ಊರಿನವರಿಗೆ ಬಾಯಾರಿಕೆಯೇ ಇಲ್ಲವೆಂದು ಶ್ಯಾನುಭೋಗ ದಾಖಲೆ ಬರೆದ ಹಾಗೆ! ಆದ್ದರಿಂದ ರಸ್ತೆಯ ಬದಿಯಲ್ಲಿ ನಿಂತು ಎಣಿಸಿದರಷ್ಟೇ ಸಾಲದು. ಅಕ್ಕಪಕ್ಕದ ಬೀದಿಗಳ ಮನೆಮನೆಗೆ ಹೋಗಿ, 'ಅಮ್ಮಾ, ದಾಟಲಾಗದೆ ನೀವು ಬಿಟ್ಟ ಕೆಲಸ ಯಾವುದು?' ಎಂದು ಕೇಳಿ ಬರೆಯಬೇಕು. ಇದನ್ನು ಸಂಬಳದ ಎಣಿಕೆಗಾರ ಮಾಡಲಾರ. ಆ ಬೀದಿಯವರಿಗೆ ಮಾತ್ರ ಸಾಧ್ಯ.

ಇದು ಈಗಲೇ ಆಗಬೇಕು. 2024ರ ಆಗಸ್ಟಿನಲ್ಲಿ ಕೇಂದ್ರ ಮಂತ್ರಿಮಂಡಲ ಬೆಂಗಳೂರು ಮೆಟ್ರೋದ ಮೂರನೇ ಹಂತಕ್ಕೆ ಒಪ್ಪಿಗೆಯಿತ್ತಿತು: ಎರಡು ಮಾರ್ಗ, 44.65 ಕಿಲೋಮೀಟರು, 15,611 ಕೋಟಿ ರೂಪಾಯಿ. ಉದ್ದನೆಯ ಮಾರ್ಗ ಹೊರವರ್ತುಲ ರಸ್ತೆಯನ್ನೇ ಹಿಡಿದು ಹೋಗುವುದು. ಚೌಡೇಶ್ವರಿನಗರದಲ್ಲಿ ನಿಲ್ದಾಣವೆಂದು ಯೋಜನೆ. ಮೆಟ್ರೋ ಬರಲಿ, ಬೇಡವೆನ್ನುವವರು ಯಾರು? ಆದರೆ ಅದೇ ಕಂಬಗಳ ಮೇಲೆ ಕಾರುಗಳಿಗೂ ಒಂದು ಅಂತಸ್ತು ಕಟ್ಟಿಸುವ ಆಸೆ ರಾಜ್ಯ ಸರ್ಕಾರದ್ದು. ಕಾರುಗಳವರು ಮೇಲೆ ಹಾರಿಹೋದರು. ಕಂಬದ ಬುಡದಲ್ಲಿ ನಿಂತವರಿಗೆ ದಾಟುವ ಜಾಗ ಯಾವುದು, ಕಾಲುದಾರಿ ಎಷ್ಟು ಅಗಲ? ಕನಿಷ್ಠ 1.8 ಮೀಟರು ಅಡೆತಡೆಯಿಲ್ಲದೆ ಇರಬೇಕೆಂದು ನಿಯಮ. ಅಡ್ಡಿಯಿಲ್ಲದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಹಕ್ಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಕಂಬ ನೆಟ್ಟ ಮೇಲೆ ಹಕ್ಕಿನ ಮಾತಾಡಿದರೆ ಕಂಬ ಸರಿಯುವುದಿಲ್ಲ.

ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಗಡಿಯಾರ. ಪ್ರತಿ ದಾಟುವ ಜಾಗದಲ್ಲಿ ನಾಲ್ವರು: ಇಬ್ಬರು ಜನಕ್ಕೆ, ಇಬ್ಬರು ವಾಹನಕ್ಕೆ. ನಾಲ್ಕು ಗೀಟು, ಐದನೆಯದು ಅಡ್ಡಗೀಟು. ಕಾಲು ಗಂಟೆಗೊಮ್ಮೆ ಕೆಳಗೆ ಗೆರೆ. ಮಕ್ಕಳನ್ನೂ ಮುದುಕರನ್ನೂ ಬೇರೆ ಬರೆಯಿರಿ. ದಾಟಲು ಎಷ್ಟು ಹೊತ್ತು ಕಾದರು ಎಂಬುದನ್ನೂ ಬರೆಯಿರಿ. ಪಾಳಿ ಶುರುವಾಗುವ ಮತ್ತು ಬಿಡುವ ಹೊತ್ತು ತಪ್ಪಲೇಬಾರದು. ಒಂದು ಕೆಲಸದ ದಿನ, ಒಂದು ಭಾನುವಾರ, ಸಂಬಳದ ವಾರದಲ್ಲಿ ಒಂದು ಸಂಜೆ. ಐದನ್ನು ಹತ್ತೆಂದು ಬರೆಯುವ ಉತ್ಸಾಹಿಗಳನ್ನು ಮನೆಗೆ ಕಳಿಸಿ. ಒಂದು ಸುಳ್ಳು ಸಿಕ್ಕಿದರೆ ಇಡೀ ಪಟ್ಟಿಯನ್ನು ಕಸದಬುಟ್ಟಿಗೆ ಎಸೆಯಲು ಇಂಜಿನಿಯರಿಗೆ ಅಷ್ಟೇ ಸಾಕು. ಪಟ್ಟಿಯನ್ನು ಕನ್ನಡದಲ್ಲಿ ಬರೆದು ಮೊದಲು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿ, ತಪ್ಪಿದ್ದರೆ ಜನರೇ ತಿದ್ದಲಿ. ಆಮೇಲೆ ಒಂದು ಪ್ರತಿ ಪಾಲಿಕೆಗೆ, ಒಂದು ಮೆಟ್ರೋ ನಿಗಮಕ್ಕೆ, ಒಂದು ಸಂಚಾರಿ ಪೊಲೀಸ್ ಠಾಣೆಗೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ.